ಐರ್ಲೆಂಡಿನ ಓದು ತುಮಕೂರಿನ ಕೋರ್ಟಲ್ಲಿ ನಡೆಯುತ್ತಾ?

"ಸಾರ್, ಐರ್ಲೆಂಡಿಗೆ ಹೋಗಿ ಅಂಗವಿಕಲರ ಕಾನೂನು ಓದಿ ಬಂದ್ರಂತೆ. ಅದು ನಮ್ಮ ತುಮಕೂರಿನ ಕೋರ್ಟಲ್ಲಿ ನಡೆಯುತ್ತಾ?" ಹೊಸದಾಗಿ ಸನ್ನದು ಪಡೆದ ಜೂನಿಯರ್‌ಗಳು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ.

ನಡೆಯುತ್ತೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಬಂದಿದ್ದು 2006ರಲ್ಲಿ. ಭಾರತ ಮರುವರ್ಷವೇ ಅದನ್ನು ಒಪ್ಪಿಕೊಂಡಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವುದೇ ಆ ಒಡಂಬಡಿಕೆಯನ್ನು ಜಾರಿಗೆ ತರಲು ಅಂತ ಕಾಯ್ದೆಯ ಶುರುವಿನಲ್ಲೇ ಬರೆದಿದೆ. ಹಾಗಾಗಿ ಕಾಯ್ದೆಯ ಅರ್ಥದ ಬಗ್ಗೆ ಜಗಳ ಬಂದರೆ ಒಡಂಬಡಿಕೆಯನ್ನೇ ಜಡ್ಜ್ ಮುಂದಿಡಬಹುದು. 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ವಿಕಾಸ್ ಕುಮಾರ್ ಕೇಸ್ ನೋಡಿ. ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ಆ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಸಹಾಯಕನನ್ನು ಕೊಡಲು ಯುಪಿಎಸ್‌ಸಿ ಒಪ್ಪಿರಲಿಲ್ಲ. ಅಂಗವಿಕಲತೆ ಶೇ 40ರ ಗೆರೆ ದಾಟಿದವರಿಗೆ ಮಾತ್ರ ಈ ನೆರವು ಅನ್ನುವಂತಿಲ್ಲ ಎಂದಿತು ಕೋರ್ಟ್.

ಆದರೆ ಇದನ್ನೆಲ್ಲ ಗುಬ್ಬಿಯಲ್ಲಿ ಕೂತೂ ಓದಬಹುದು, ಅಲ್ವಾ? ಒಡಂಬಡಿಕೆ, ತೀರ್ಪುಗಳು ಎಲ್ಲಾ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮತ್ತೆ ಐರ್ಲೆಂಡಿನ ಗಾಲ್ವೇಗೆ ಯಾಕೆ ಹೋಗಬೇಕಿತ್ತು?

ನನ್ನ ಹೊಟ್ಟೆಪಾಡು ಮೋಟಾರು ಅಪಘಾತದ ಕೇಸುಗಳು. ಎನ್‌ಎಚ್ 48 ಇರುವ ತನಕ ತುಮಕೂರಿನ ವಕೀಲರಿಗೆ ಆ ಕೆಲಸಕ್ಕೆ ಬರವಿಲ್ಲ. (ಹೇಳಬಾರದು, ಆದರೆ ನಿಜ.) ಅಲ್ಲಿ ಪರಿಹಾರದ ಲೆಕ್ಕವೆಲ್ಲ ಅಂಗವಿಕಲತೆಯ ಪರ್ಸೆಂಟೇಜ್ ಮೇಲೆ. ಡಾಕ್ಟರು ಸಾಕ್ಷಿ ಹೇಳಲು ನಿಲ್ಲುತ್ತಾರೆ. ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕಾಲಿಗೆ 36, ಇಡೀ ದೇಹಕ್ಕೆ 12" ಅನ್ನುತ್ತಾರೆ. ವಿಮೆಯವರ ವಕೀಲರು ಅದನ್ನು ಎಂಟಕ್ಕೆ ಇಳಿಸಲು ನೋಡುತ್ತಾರೆ, ನಾವು ಇಪ್ಪತ್ತಕ್ಕೆ ಏರಿಸಲು. ತಿಪಟೂರಿನಲ್ಲಿ ತೆಂಗಿನಮರ ಹತ್ತಿ ಕಾಯಿ ಕೀಳುವವನಿಗೂ ಅದೇ 12, ಅಂಗಡಿಯ ಗಲ್ಲಾದಲ್ಲಿ ಕೂರುವವನಿಗೂ ಅದೇ 12. ಇದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ರಾಜ್‌ಕುಮಾರ್ ಕೇಸಿನಲ್ಲಿ ಹೇಳಿತು. ಎಡಗೈ ಕಳೆದುಕೊಂಡ ಡ್ರೈವರ್‌ಗೆ ದುಡಿಮೆಯೇ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಹಾಗಾಗಿ ದೇಹದ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ.

ಅಲ್ಲಿಗೆ ನಿಲ್ಲುತ್ತದೆ ನಮ್ಮ ಲೆಕ್ಕ. ಆ ಡ್ರೈವರ್‌ಗೆ ಬೇರೆ ಕೆಲಸ ಯಾಕೆ ಕೊಡಲಿಲ್ಲ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಗಾಲ್ವೇ ವಿಶ್ವವಿದ್ಯಾಲಯದ ತರಗತಿಯಲ್ಲಿ ಶುರುವಾಗುತ್ತಿದ್ದದ್ದೇ ಆ ಪ್ರಶ್ನೆಯಿಂದ. ಅಲ್ಲಿನ ಅಂಗವಿಕಲರ ಕಾನೂನು ಮತ್ತು ನೀತಿ ಕೇಂದ್ರ ಶುರುವಾದದ್ದು 2008ರಲ್ಲಿ. ಅದನ್ನು ಕಟ್ಟಿದ ಜೆರಾರ್ಡ್ ಕ್ವಿನ್, ಒಡಂಬಡಿಕೆಯ ಕರಡು ತಯಾರಾಗುವಾಗಲೇ ಜೊತೆಗಿದ್ದವರು. ಆದರೆ ನನಗೆ ಜಾಸ್ತಿ ಕಲಿಸಿದ್ದು ಪಕ್ಕದಲ್ಲಿ ಕೂತವರು. ಕಣ್ಣು ಕಾಣದವರು, ಗಾಲಿಕುರ್ಚಿಯವರು ಇಲ್ಲಿ ನನಗೆ ಕಕ್ಷಿದಾರರಾಗಿ ಮಾತ್ರ ಗೊತ್ತಿದ್ದರು. ಅಲ್ಲಿ ಅವರು ನನ್ನ ವಾದವನ್ನು ಎರಡು ಮಾತಲ್ಲಿ ಕೆಡವಿಹಾಕುತ್ತಿದ್ದರು.

ವಾಪಸ್ ಬಂದ ಮೇಲೆ ಒಬ್ಬ ಸರ್ಕಾರಿ ಡ್ರೈವರ್ ಬಂದ. ಅಪಘಾತದಲ್ಲಿ ಕಾಲು ಹೋಗಿತ್ತು. "ಪರಿಹಾರ ತಗೊಂಡು ಸ್ವಯಂ ನಿವೃತ್ತಿ ಬರ್ಕೊಡು ಅಂತಿದ್ದಾರೆ ಸಾರ್" ಅಂದ. ಪರಿಹಾರದ ಅರ್ಜಿ ಹಾಕಿದೆವು. ಜೊತೆಗೆ ಇಲಾಖೆಗೆ ಒಂದು ನೋಟಿಸ್: 2016ರ ಕಾಯ್ದೆಯ ಸೆಕ್ಷನ್ 20(4)ರ ಪ್ರಕಾರ, ಕೆಲಸದಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಇದು 1995ರ ಹಳೆ ಕಾಯ್ದೆಯಲ್ಲೂ ಇತ್ತು. ಅಪಘಾತದ ಫೈಲ್ ಹಿಡಿದವರು ಆ ಕಡೆ ತಿರುಗಿ ನೋಡುವುದು ಕಡಿಮೆ, ಅಷ್ಟೇ. ಈಗ ಆತ ಸ್ಟೋರ್‌ನಲ್ಲಿ ಲೆಕ್ಕ ಬರೆಯುತ್ತಾನೆ.

ಅಲ್ಲಿ ಕಲಿತದ್ದೆಲ್ಲ ಇಲ್ಲಿ ಹಾಗೇ ಹೊಂದುತ್ತೆ ಅಂತಲ್ಲ. ಅಂಗವಿಕಲರ ಪರವಾಗಿ ಇನ್ನೊಬ್ಬರು ನಿರ್ಧಾರ ಮಾಡುವ ಪದ್ಧತಿಯೇ ಹೋಗಬೇಕು ಅಂತ ವಿಶ್ವಸಂಸ್ಥೆಯ ಸಮಿತಿ 2014ರಲ್ಲಿ ಹೇಳಿತು. ಪಾವಗಡದ ಒಬ್ಬ ತಾಯಿ, ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮೂವತ್ತರ ಮಗನನ್ನು ಕರೆದುಕೊಂಡು ಬಂದು, "ನಾನು ಹೋದ್ಮೇಲೆ ಇವನ ಕಾಗದಕ್ಕೆ ಸಹಿ ಹಾಕೋರ್ಯಾರಪ್ಪ?" ಅಂದಾಗ ಆ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇನ್ನೂ ಇದೆ. ಅದರ ಸ್ಥಳೀಯ ಸಮಿತಿ ಇಂಥವರಿಗೆ ಕಾನೂನಿನ ಪೋಷಕರನ್ನು (ಗಾರ್ಡಿಯನ್) ನೇಮಿಸುತ್ತದೆ. ಅಲ್ಲಿಗೇ ಅರ್ಜಿ ಹಾಕಿದೆ. ಹಾಕುವ ಮೊದಲು ಮಗನನ್ನೇ ಕೇಳಿದೆ. ತಮ್ಮ ಬೇಡ, ಅಕ್ಕ ಇರಲಿ ಅಂದ. ಅಕ್ಕನ ಹೆಸರೇ ಬರೆದೆವು. ಗಾಲ್ವೇಯವರು ಇಷ್ಟಕ್ಕೆ ಒಪ್ಪಲಿಕ್ಕಿಲ್ಲ. ನನಗೆ ಸದ್ಯಕ್ಕೆ ಕಾಣುವ ದಾರಿ ಇದು.

ಹೋಗಬೇಕು ಅನ್ನುವವರಿಗೆ: ಎಲ್‌ಎಲ್‌ಬಿ ಮುಗಿದ ತಕ್ಷಣ ಹೊರಡಬೇಡಿ. ಕೆಳಗಿನ ಕೋರ್ಟಲ್ಲಿ ಎರಡು ವರ್ಷ ಓಡಾಡಿ, ಇಲ್ಲದಿದ್ದರೆ ಅಲ್ಲಿ ಕೇಳಲು ನಿಮ್ಮ ಹತ್ತಿರ ಪ್ರಶ್ನೆಯೇ ಇರುವುದಿಲ್ಲ. ಬ್ರಿಟನ್ನಿನ ಕಡೆ ಮನಸ್ಸಿದ್ದರೆ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಎರಡು ವರ್ಷದ ಕೆಲಸದ ಅನುಭವ ಬೇಕೇ ಬೇಕು. ನೀವೇ ಅಂಗವಿಕಲರಾಗಿದ್ದರೆ ವಿದೇಶದ ಓದಿಗೆ ಕೇಂದ್ರ ಸರ್ಕಾರದ್ದೇ ವಿದ್ಯಾರ್ಥಿವೇತನ ಇದೆ, ಅದಕ್ಕೆ ಮೊದಲು ಅರ್ಜಿ ಹಾಕಿ. ಜಮೀನು ಅಡ ಇಟ್ಟು ಹೋಗುವ ಓದಂತೂ ಇದಲ್ಲ.