ಕಂಬಳದ ಕೋಣ, ಕನ್ನಡಿಯ ಕ್ಯಾಮೆರಾ, ಕಿವಿಯ ಸೆಲ್ಲು

"ಇದಕ್ಕೆ ಸೆಲ್ಲು ಯಾವುದು ಹಾಕಿದ್ದಿ?"

ಹತ್ತು ನಿಮಿಷ ಭೂತಗನ್ನಡಿಗೆ ಕಣ್ಣು ಒತ್ತಿ ಕೂತಿದ್ದ ಸ್ಟುಡಿಯೊ ಮಾವ ಕೊನೆಗೆ ಬಾಯಿ ತೆರೆದು ಕೇಳಿದ್ದು ಇಷ್ಟೇ. ಅಷ್ಟರಲ್ಲಿ ನನ್ನ ತಟ್ಟೆಯ ಬನ್ಸ್ ತಣಿದಿತ್ತು. ಕೋಣ ಹೇಗೆ ಬಂದಿದೆ, ನೀರು ಹೇಗೆ ಚಿಮ್ಮಿದೆ, ಒಂದಾದರೂ ಒಳ್ಳೆ ಮಾತು ಬಂದೀತು ಅಂತ ಕಾದವಳಿಗೆ ಸೆಲ್ಲಿನ ಪ್ರಶ್ನೆ!

ಮೇಜಿನ ಮೇಲೆ ಮಕ್ಕಳು ಚಿತ್ರ ನಕಲು ಮಾಡುವ ಎಲ್‌ಇಡಿ ಹಲಗೆ. ಅದರ ಮೇಲೆ ನಾನು ಕಂಬಳದಲ್ಲಿ ತೆಗೆದ ಫಿಲ್ಮ್ ರೋಲು, ಮೂರು ಮೂರು ಚಿತ್ರದ ನಾಲ್ಕು ತುಂಡು. ಪುತ್ತೂರಿನ ಈ ಹೋಟೆಲಿನ ಮೂಲೆಯಲ್ಲಿ ತಿಂಗಳ ಎರಡನೇ ಆದಿತ್ಯವಾರ ಫಿಲ್ಮ್ ಕ್ಯಾಮೆರಾದ ಹುಚ್ಚಿನ ನಾವು ಕೂರುತ್ತೇವೆ. ಆರು ಜನ, ಐದು ಕ್ಯಾಮೆರಾ. ಸುಳ್ಯದ ಗಂಡ ಹೆಂಡತಿಗೆ ಒಂದೇ ಕ್ಯಾಮೆರಾ. ರೋಲಿನಲ್ಲಿ ಆರು ಅವನದ್ದು, ಆರು ಅವಳದ್ದು. ಏಳನೆಯದನ್ನು ಯಾರು ಹೊಡೆದದ್ದು ಅಂತ ಪ್ರತಿ ಸಲ ಜಗಳ. ಲೆಕ್ಚರರು ಅಡಿಕೆ ಒಣಗಿಸುವ ಅಂಗಳ ಬಿಟ್ಟು ಬೇರೇನೂ ತೆಗೆಯುವುದಿಲ್ಲ. ಲುಬಿಟೆಲ್ ಕ್ಯಾಮೆರಾ ಹಿಡಿದ ಡಿಪ್ಲೊಮಾ ಹುಡುಗ ಒಬ್ಬ. ಮೆಡಿಕಲ್ ಶಾಪ್ ನಡೆಸುವ ನಾನು. ಮತ್ತೆ ಎಪ್ಪತ್ತನಾಲ್ಕರ ಸ್ಟುಡಿಯೊ ಮಾವ. ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ರೋಲಿನಲ್ಲಿ ಈ ತಾಲೂಕಿನ ಅರ್ಧ ಮದುವೆಗಳನ್ನು ತೆಗೆದವರು. ಸ್ಟುಡಿಯೊ ಮುಚ್ಚಿ ವರ್ಷಗಳಾದರೂ ಹೆಸರು ಮುಚ್ಚಿಲ್ಲ.

ನಮ್ಮಲ್ಲಿ ನಿಯಮ ಅಂತ ಇರುವುದು ಒಂದೇ. ರೋಲಿನ ಹನ್ನೆರಡನ್ನೂ ತರಬೇಕು, ಆರಿಸಿದ ಒಂದನ್ನಲ್ಲ. ಇದು ಮಾವನದ್ದೇ ಕಾನೂನು. "ಒಂದು ಒಳ್ಳೆ ಫೋಟೊ ತಂದು ತೋರಿಸಿದರೆ ನಾನು 'ಲಾಯ್ಕುಂಟು' ಹೇಳಬೇಕು, ಮತ್ತೆ ಚಾ ಕುಡಿಯಬೇಕು. ಅದಕ್ಕೆ ನಾನು ಯಾಕೆ ಬಸ್ಸು ಹತ್ತಿ ಬರುವುದು ಮಾರಾಯ್ತಿ?"

ನಮ್ಮ ಈ ಅಗಲ ಫಿಲ್ಮಿಗೆ ಮೀಡಿಯಂ ಫಾರ್ಮ್ಯಾಟ್ ಅಂತ ಹೆಸರು. ಆ ಹೆಸರು ಅಂದ ಕೂಡಲೇ ಹ್ಯಾಸಲ್‌ಬ್ಲಾಡ್, ಚಂದ್ರನ ಮೇಲೆ ಹೋದ ಕ್ಯಾಮೆರಾ ಅಂತ ಜನ ದೊಡ್ಡ ದೊಡ್ಡ ಮಾತು ತೆಗೆಯುತ್ತಾರೆ. ಅಷ್ಟು ದೂರ ಹೋಗುವುದು ಬೇಡ. ಮನೆಯ ಕಪಾಟಿನಲ್ಲಿ ಹಳೆ ಆಲ್ಬಮ್ ಇದ್ದರೆ ತೆಗೆದು ನೋಡಿ. ಕಪ್ಪು ರಟ್ಟಿನ ಹಾಳೆಯ ಮೇಲೆ ಬಿಸ್ಕತ್ತಿನಷ್ಟು ದೊಡ್ಡ ಚೌಕ ಫೋಟೊಗಳು, ಸುತ್ತ ಬಿಳಿ ಅಂಚು, ಒಳಗೆ ಕಣ್ಣು ಕಿರಿದು ಮಾಡಿ ನಿಂತ ದೊಡ್ಡಮ್ಮ. ಚೌಕ ಯಾಕೆ, ಅಷ್ಟು ಸಣ್ಣ ಯಾಕೆ ಅಂತ ನನಗೂ ಬಹಳ ಕಾಲ ಗೊತ್ತಿರಲಿಲ್ಲ. ದೊಡ್ಡದು ಮಾಡಿಸುವ ಖರ್ಚು ಬೇಡ ಅಂತ ನೆಗೆಟಿವನ್ನೇ ಕಾಗದಕ್ಕೆ ಒತ್ತಿ ತೆಗೆದ ಕಾಂಟ್ಯಾಕ್ಟ್ ಪ್ರಿಂಟುಗಳು ಅವು. ಫೋಟೊ ಎಷ್ಟೋ ನೆಗೆಟಿವ್ ಅಷ್ಟೇ. ಅಪ್ಪನ ಆಗ್ಫಾ ಕ್ಲಿಕ್ 3ಕ್ಕೆ ಹಾಕುತ್ತಿದ್ದದ್ದು ಇದೇ 120 ರೋಲು. ಕೊಡಾಕ್ ಕಂಪನಿ 1901ರಲ್ಲಿ ತಂದ ರೋಲು ಇವತ್ತಿಗೂ ಸಿಗುತ್ತದೆ. ಕಲರ್ ಕಾಲದ 35 ಎಂ.ಎಂ. ಫಿಲ್ಮಿನಲ್ಲಿ ಒಂದು ಚಿತ್ರಕ್ಕೆ ಇರುವ ಜಾಗ 24ಕ್ಕೆ 36 ಮಿಲಿಮೀಟರ್. ಇದರಲ್ಲಿ 56ಕ್ಕೆ 56. ಹೆಚ್ಚುಕಡಿಮೆ ಮೂರೂವರೆ ಪಟ್ಟು. ದೊಡ್ಡಮ್ಮನ ಸೀರೆಯ ಅಂಚಿನ ಚುಕ್ಕಿ ಲೆಕ್ಕ ಹಾಕಲು ಸಿಗುವುದು ಅದಕ್ಕೇ.

ನನ್ನದು ಯಾಶಿಕಾ ಮ್ಯಾಟ್ 124ಜಿ. ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ನಾವು ನೋಡಲಿಕ್ಕೆ, ಕೆಳಗಿನದು ಫಿಲ್ಮಿಗೆ. ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡಬೇಕು. ಒಳಗೆ ಕನ್ನಡಿ ಇರುವುದರಿಂದ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ದೇವಸ್ಥಾನದ ಗೋಪುರ ತೆಗೆಯುವಾಗ ಇದರಿಂದ ತೊಂದರೆ ಇಲ್ಲ. ನಾನು ಹೊತ್ತುಕೊಂಡು ಹೋದದ್ದು ಕಂಬಳಕ್ಕೆ.

ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಕಂಬಳ. ಅಂಗಡಿ ಮಧ್ಯಾಹ್ನವೇ ಮುಚ್ಚಿ ಹೋಗಿದ್ದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರಿನ ಕರೆಯನ್ನು (ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬಹುದು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೂ ಮೇಲೆ. ನನ್ನ ಕ್ಯಾಮೆರಾದ ಅತಿ ವೇಗದ ಶಟರ್ ಸೆಕೆಂಡಿನ 500ನೇ ಒಂದು ಭಾಗ. ಅಷ್ಟರಲ್ಲೂ ಕೋಣ ಎರಡು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಈ ಲೆಕ್ಕವೆಲ್ಲ ಮನೆಯಲ್ಲೇ ಮಾಡಿಕೊಂಡು ಹೋಗಿದ್ದೆ. ಲೆಕ್ಕಕ್ಕೆ ಸಿಗದ್ದು ಎಡಬಲ. ಓಟ ಶುರುವಾಗುವ ಗಂತಿನಿಂದ ಬಿಟ್ಟ ಕೋಣ ನನ್ನ ಎಡದಿಂದ ಬಂದರೆ ಗಾಜಿನಲ್ಲಿ ಬಲದಿಂದ ನುಗ್ಗುತ್ತದೆ. ಅದರ ಹಿಂದೆ ಕ್ಯಾಮೆರಾ ತಿರುಗಿಸಿದರೆ ಕೋಣ ಓಟ ಮುಗಿಯುವ ಮಂಜೊಟ್ಟಿಯ ಕಡೆಗೆ, ನಾನು ಚರುಂಬುರಿ ಗಾಡಿಯ ಕಡೆಗೆ. ಹನ್ನೆರಡರಲ್ಲಿ ನಾಲ್ಕು ಬರೀ ಬಾಲ. ಮೂರರಲ್ಲಿ ಕೆಸರು ನೀರು ಮಾತ್ರ. ಒಂದರಲ್ಲಿ ನಿಜಕ್ಕೂ ಚರುಂಬುರಿ ಗಾಡಿ, ಅದು ಬಹಳ ಶಾರ್ಪ್ ಆಗಿ ಬಂದಿದೆ. ರೋಲು ಹೊರಗೆ ತೆಗೆಯುವಾಗ ಸುರುಳಿ ಸಡಿಲ ಬಿಟ್ಟು ಕೊನೆಯದರ ಅಂಚಿಗೆ ಬಿಸಿಲು ಹೊಕ್ಕಿತ್ತು. ಕಳೆದ ಸಲ ತರಿಸಿದಾಗ ಒಂದು ರೋಲಿಗೆ 900 ರೂಪಾಯಿ ಬಿದ್ದಿದೆ. ಒಂದು ಬಾಲಕ್ಕೆ 75.

ಉಳಿದ ಮೂರರಲ್ಲಿ ಕೋಣ ಪೂರ್ತಿ ಇತ್ತು. ಆದರೆ ಮಾವ ನೋಡಿದ್ದು ಬೇರೆ. ಕೋಣದ ಮೈ ಇರಬೇಕಾದ ಜಾಗ ನೆಗೆಟಿವ್‌ನಲ್ಲಿ ಕಿಟಕಿ ಗಾಜಿನ ಹಾಗೆ ಖಾಲಿ. ಕಪ್ಪು ಕೋಣಕ್ಕೆ ನೆಗೆಟಿವ್‌ನಲ್ಲಿ ತೆಳು ಬಣ್ಣ ಬರುವುದು ಸಹಜ, ಆದರೆ ಪಕ್ಕೆಲುಬು, ಕಣ್ಣು, ಹಗ್ಗ ಏನಾದರೂ ಒಂದು ಗೆರೆ ಕಾಣಬೇಕಲ್ಲ. ಹನ್ನೆರಡಕ್ಕೆ ಹನ್ನೆರಡೂ ಹಾಗೇ, ಬೆಳಕು ಸಾಕಾಗಿಲ್ಲ. ಒಂದೆರಡು ಹಾಗಾದರೆ ಕೈಯ ತಪ್ಪು, ಎಲ್ಲವೂ ಹಾಗಾದರೆ ಕ್ಯಾಮೆರಾದಲ್ಲಿ ಬೆಳಕು ಅಳೆಯುವ, ಸೆಲ್ಲಿನಿಂದ ನಡೆಯುವ ಮೀಟರಿನ ತಪ್ಪು ಅಂತ ಅವರ ತರ್ಕ. ಅದಕ್ಕೇ ಸೆಲ್ಲಿನ ಪ್ರಶ್ನೆ.

ಅಂಗಡಿಯಲ್ಲೇ ಇದ್ದ ಎಲ್‌ಆರ್44 ಸೆಲ್ಲಿಗೆ ಸುತ್ತ ರಬ್ಬರ್ ವಾಷರ್ ಕೊಟ್ಟು ಕೂರಿಸಿದ್ದೆ. ಮೀಟರಿನ ಮುಳ್ಳು ಅಲ್ಲಾಡಿತು, ಸರಿ ಆಯಿತು ಅಂದುಕೊಂಡೆ. ಈ ಕ್ಯಾಮೆರಾ ತಯಾರಾದ ಕಾಲಕ್ಕೆ ಇದ್ದದ್ದು 1.35 ವೋಲ್ಟಿನ ಪಾದರಸದ ಸೆಲ್ಲು. ಪಾದರಸ ವಿಷ ಅಂತ ಅದು ನಿಂತುಹೋಯಿತು. ನಾನು ಹಾಕಿದ್ದು 1.5. ಜಾಸ್ತಿ ವೋಲ್ಟ್ ಬಂದರೆ ಮುಳ್ಳು ಜಾಸ್ತಿ ಏಳುತ್ತದೆ, ಬಿಸಿಲು ಧಾರಾಳ ಉಂಟು ಅಂತ ಸುಳ್ಳು ಹೇಳುತ್ತದೆ, ನಾವು ನಂಬಿ ಬೆಳಕು ಬಿಡುವ ಲೆನ್ಸಿನ ಕಿಂಡಿ ಕಿರಿದು ಮಾಡುತ್ತೇವೆ. ಡೋಸ್ ತಪ್ಪಿದ್ದು. ಅದೂ ಇಡೀ ದಿನ ಡೋಸ್ ನೋಡಿ ಮಾತ್ರೆ ಕೊಡುವವಳಿಗೆ!

"ಕಿವಿ ಮಿಶಿನಿಗೆ ಹಾಕುವ ದೊಡ್ಡ ಸೆಲ್ಲು ಉಂಟಲ್ಲ, 675, ಅದು ಹಾಕು. ಅದು 1.4ರ ಹತ್ತಿರ. ಚೀಟಿ ಕಿತ್ತ ಮೇಲೆ ಗಾಳಿ ತಾಗಿ ಕೆಲವೇ ವಾರದಲ್ಲಿ ಮುಗಿಯುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ," ಅಂದರು. ಆ ಸೆಲ್ಲು ನನ್ನ ಕೌಂಟರಿನ ಹಿಂದೆ, ಥರ್ಮಾಮೀಟರಿನ ಪಕ್ಕ ನೇತಾಡುತ್ತಿತ್ತು. ಮತ್ತೆ ಕ್ಯಾಮೆರಾದ ಮೇಲೆ ತೆರೆದುಕೊಳ್ಳುವ ಹುಡ್ಡಿನ ನಡುವಿನ ತಗಡು ಒಳಗೆ ಮಡಚಿ ತೋರಿಸಿದರು; ಅದರ ತೂತಿನಲ್ಲಿ ಕನ್ನಡಿಯ ಗೋಜಿಲ್ಲದೆ ಸೀದಾ ನೋಡಬಹುದು. ಎರಡು ವರ್ಷದಿಂದ ನನ್ನ ಕೈಯಲ್ಲಿರುವ ಕ್ಯಾಮೆರಾ.

ಆಮೇಲೆ ಚರುಂಬುರಿ ಗಾಡಿಯ ಚಿತ್ರದ ಮೇಲೆ ಬೆರಳಿಟ್ಟರು. "ಇದರಲ್ಲಿ ನಿನ್ನ ಕೈ ಅಲ್ಲಾಡಲಿಲ್ಲ. ಅಂದರೆ ಕೈಗೆ ಏನೂ ಆಗಿಲ್ಲ. ಮುಂದಿನ ಸಲ ಓಟದ ಹಿಂದೆ ಹೋಗಬೇಡ, ಕನೆಹಲಗೆಗೆ ನಿಲ್ಲು. ನಿಶಾನೆ ಎಲ್ಲಿ ಕಟ್ಟಿದ್ದಾರೋ ನೀರು ಅಲ್ಲಿಗೇ ಹಾರಬೇಕಲ್ಲ. ಮೊದಲೇ ಫೋಕಸ್ ಮಾಡಿ ಕಾಯಿ." ಕನೆಹಲಗೆ ಅಂದರೆ ಕೋಣ ಓಡುವಾಗ ನೀರು ನಿಶಾನೆಯಷ್ಟು ಎತ್ತರಕ್ಕೆ ಚಿಮ್ಮಿಸುವ ಸ್ಪರ್ಧೆ. ಲಾಯ್ಕುಂಟು ಅಂತ ಅವರು ಹೇಳಲಿಲ್ಲ. ಆದರೂ ನಾನು ಅಲ್ಲೇ ಕೂತು ಇನ್ನೆರಡು ರೋಲಿಗೆ ಆರ್ಡರ್ ಹಾಕಿದೆ.

ಲುಬಿಟೆಲ್ ಹುಡುಗ ಎರಡು ತಿಂಗಳು ನಮ್ಮ ಕಡೆ ಬಂದಿರಲಿಲ್ಲ. ಅವನ ಮೊದಲ ರೋಲು ಏನೂ ಇಲ್ಲದೆ ಬಂದಿತ್ತು. ಕ್ಯಾಮೆರಾ ಹಾಳು, ಮಾರುತ್ತೇನೆ ಅಂತ ನನಗೆ ಫೋನು ಮಾಡಿದ್ದ. ಮಾರುವ ಮೊದಲು ಒಮ್ಮೆ ತಾ ಅಂತ ಕರೆಸಿದೆ. ಮಾವ ಚಿತ್ರ ಹುಡುಕಲೇ ಇಲ್ಲ, ಫಿಲ್ಮಿನ ಅಂಚು ನೋಡಿದರು. ಅಂಚಿನಲ್ಲಿ ಫಿಲ್ಮಿನ ಹೆಸರು, ನಂಬರು ಕಂಪನಿಯಲ್ಲೇ ಬೆಳಕಿನಿಂದ ಒತ್ತಿರುತ್ತಾರೆ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಬಿದ್ದರೆ ಅದು ಮೂಡಲೇಬೇಕು, ಕ್ಯಾಮೆರಾ ಹೇಗೇ ಇರಲಿ. ಇವನದ್ದರಲ್ಲಿ ಅದೂ ಇಲ್ಲ. "ಕ್ಯಾಮೆರಾಕ್ಕೆ ಎಂತದೂ ಆಗಿಲ್ಲ ಮಗಾ. ನೀನು ಹೈಪೋ ಮೊದಲು ಹೊಯ್ದಿದ್ದಿ." ಹೈಪೋ ಡೆವಲಪರ್ ಆದ ಮೇಲೆ ಹಾಕುವ ದ್ರಾವಣ, ಮೊದಲೇ ಬಿದ್ದರೆ ಏನೂ ಮೂಡದ ಹಾಗೆ ಅಳಿಸಿಬಿಡುತ್ತದೆ. ಎರಡೂ ಒಂದೇ ಥರದ ನೀರಿನ ಬಾಟ್ಲಿಯಲ್ಲಿ, ಚೀಟಿ ಇಲ್ಲದೆ. ನಾನು ಮರುದಿನವೇ ಅಂಗಡಿಯ ಲೇಬಲ್ಲು ಒಂದು ಕಟ್ಟು ಕೊಟ್ಟು ಕಳಿಸಿದೆ.

ಹುಡುಗನ ಮುಖ ಆದರೂ ಏಳಲಿಲ್ಲ. ಆಗ ಮಾವ ತಮ್ಮ ಚೀಲದಿಂದ ಒಂದು ಚೌಕ ಫೋಟೊ ತೆಗೆದರು. ಈ ಕಥೆ ಯಾರಿಗೂ ಗೊತ್ತಿರಲಿಲ್ಲ. ಅವರ ಹಳೇ ಕ್ಯಾಮೆರಾದಲ್ಲಿ ರೋಲು ಮುಂದಕ್ಕೆ ತಿರುಗಿಸದಿದ್ದರೂ ಶಟರ್ ಬೀಳುತ್ತಿತ್ತಂತೆ. ಒಂದು ಮದುವೆಯಲ್ಲಿ ಧಾರೆ ತೆಗೆದು, ತಿರುಗಿಸಲು ಮರೆತು, ಅದರ ಮೇಲೆಯೇ ಊಟದ ಪಂಕ್ತಿ ಹೊಡೆದರು. ಫೋಟೊದಲ್ಲಿ ಹುಡುಗಿಯ ಅಪ್ಪ ಭಕ್ತಿಯಿಂದ ಚೊಂಬು ಬಗ್ಗಿಸಿದ್ದಾರೆ. ಧಾರೆಯ ನೀರು ಸೀದಾ ಸಾರಿನ ಬಾಲ್ದಿಗೆ. ಮದುಮಗನ ಪೇಟದ ಒಳಗಿಂದ ಒಬ್ಬರು ಉಪ್ಪಿನಕಾಯಿ ಬಡಿಸುತ್ತಿದ್ದಾರೆ.

"ಬೈದರಾ ಮಾವ?" ಸುಳ್ಯದವಳು ಕೇಳಿದಳು.

"ಬೈಯದೆ? ಆದರೆ ಧಾರೆಯದ್ದು ಇದೊಂದೇ. ಆಲ್ಬಮ್ಮಿಗೆ ಹಾಕಲೇಬೇಕಾಯಿತು."

ಲೆಕ್ಚರರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗ ಫೋಟೊವನ್ನು ಬೆಳಕಿಗೆ ಹಿಡಿದು ಬಾಲ್ದಿಯನ್ನೇ ನೋಡುತ್ತಿದ್ದ. ಮುಂದಿನ ತಿಂಗಳು ಅವನು ಹನ್ನೆರಡು ತಂದ. ಎಂಟರಲ್ಲಿ ಅವನ ಅಜ್ಜಿಯೇ.

ಕಂಬಳದ ಋತು ಮತ್ತೆ ಬಂದಿದೆ. ಮೊನ್ನೆ ಅಂಗಡಿ ತೆರೆದ ಕೂಡಲೇ 675ರ ಕೊನೆಯ ಪ್ಯಾಕಿನಿಂದ ಒಂದು ಸೆಲ್ಲು ತೆಗೆದು, ಚೀಟಿ ಕಿತ್ತು ಕ್ಯಾಮೆರಾಕ್ಕೆ ಹಾಕಿಟ್ಟೆ. ಮಧ್ಯಾಹ್ನ ಕಿವಿ ಮಿಶಿನಿನ ಅಜ್ಜ ಬಂದರು. ಪ್ಯಾಕು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಎಣಿಸಿದರು.

"ಆರು ಇರಬೇಕಲ್ಲ? ಇದರಲ್ಲಿ ಐದೇ ಉಂಟು."

"ಒಂದು ನನ್ನ ಕ್ಯಾಮೆರಾಕ್ಕೆ ಹಾಕಿದೆ ಅಜ್ಜ. ಐದರದ್ದೇ ದುಡ್ಡು ಕೊಡಿ."

"ಹಾಂ?" ಅಂದರು ಅಜ್ಜ, ಕಿವಿಗೆ ಕೈ ಕೊಟ್ಟು.