ಸುರಗಿ ಹಿಡಿದು ಘಟ್ಟ ಹತ್ತಿದ್ದು

ಕುಮಟಾದಿಂದ ಶಿರಸಿಗೆ ಹೋಗುವ ಬಸ್ಸು ದೇವಿಮನೆ ಘಟ್ಟ ಹತ್ತುತ್ತಿತ್ತು. ನನ್ನ ಚೀಲದಲ್ಲಿದ್ದ ಸುರಗಿ ಹೂವಿನ ದಂಡೆಯ ಪರಿಮಳ ಬಸ್ಸಿಗೆಲ್ಲ ಹರಡಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ, "ಸುರಗಿ ಅಲ್ದಾ?" ಎಂದು ಕೇಳಿಯೇ ಬಿಟ್ಟರು. ಹೌದೆಂದೆ. ಮುಡಿಯುವ ಹೂವನ್ನು ಸುಡಲು ಒಯ್ಯುತ್ತಿದ್ದೇನೆ ಅಂದರೆ ಬೈಯುತ್ತಿದ್ದರೋ ಏನೋ, ಸುಮ್ನೆ ನಕ್ಕೆ.

ಬೇಸಿಗೆಯ ಹೊಸ್ತಿಲಲ್ಲಿ ಬಿಡುವ ಹೂ ಇದು. ಒಣಗಿದರೂ ಇದರ ವಾಸನೆ ಹೋಗುವುದಿಲ್ಲ. ಧೂಪಕ್ಕೆ ಆಗುತ್ತದೆ ಅನ್ನಿಸಿದ್ದು ಅದಕ್ಕೇ.

ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಅತ್ತೆಯ ಮನೆ. "ಆಸ್ರಿಗೆ ಎಂತ ಬೇಕು?" ಎಂದು ಕುಡಿಯಲು ಏನು ಬೇಕೆಂಬ ಪ್ರಶ್ನೆ, ಮಜ್ಜಿಗೆ, ಊಟ, ನಿದ್ದೆ. ಸಂಜೆ ಬೆಟ್ಟಕ್ಕೆ ಹೋದೆವು.

ಮನೆಯಲ್ಲಿ ಬಳಸುವ ಧೂಪವನ್ನು ಅತ್ತೆ ತಾವೇ ಮಾಡುತ್ತಾರೆ. ಸಗಣಿ ಪುಡಿ, ಕಚ್ಚೂರವೆಂಬ ಪರಿಮಳದ ಗಡ್ಡೆ, ತುಪ್ಪ ಮನೆಯಲ್ಲೇ ಇದ್ದವು. ಬೇಕಿದ್ದದ್ದು ರಾಳ ಮತ್ತು ಅಂಟು. ರಾಳಧೂಪದ ಮರದ ಬುಡದಲ್ಲಿ ಕಪ್ಪು ಗಾಜಿನ ಚೂರಿನಂತೆ ರಾಳ ಸಿಕ್ಕಿತು. ಅಂಟಿಗೆ ಗುಳುಮಾವು ಎಂಬ ಕಾಡುಮರದ ತೊಗಟೆ. ಒಣಗಿಸಿ ಪುಡಿ ಮಾಡಿ ನೀರು ಹಾಕಿದರೆ ಲೋಳೆಯಾಗುತ್ತದೆ. ಊದುಬತ್ತಿ ಉದ್ಯಮ ಜಿಗಟು ಅನ್ನುವುದು ಇದನ್ನೇ. ಅದಕ್ಕಾಗಿ ಸುತ್ತಲೂ ತೊಗಟೆ ಸುಲಿಸಿಕೊಂಡ ಮರಗಳು ನಿಂತಲ್ಲೇ ಸತ್ತಿವೆ. ಅತ್ತೆ ನಿಂತ ಮರ ಮುಟ್ಟಲು ಬಿಡಲಿಲ್ಲ. ಮುರಿದುಬಿದ್ದ ಕೊಂಬೆ ಹುಡುಕುತ್ತ ಕತ್ತಲಾಯಿತು.

ತೊಗಟೆ ಒಣಗಿದ ಮೇಲೆ ಶುರುವಾಯಿತು ನೋಡಿ ಮಜಾ. ಕುಟ್ಟುವುದು, ಜರಡಿ ಹಿಡಿಯುವುದು, ಮೂಸುವುದು. ರಾಳ ಜಾಸ್ತಿಯಾದರೆ ಕರಗಿ ತೊಟ್ಟಿಕ್ಕುತ್ತದೆ, ಕರಿ ಹೊಗೆ ಬರುತ್ತದೆ. ಅಂಟು ಜಾಸ್ತಿಯಾದರೆ ಬರೀ ಕಟ್ಟಿಗೆ ಸುಟ್ಟ ವಾಸನೆ. ಒಂದು ಚಿಟಿಕೆ ಹೆಚ್ಚು ಕಡಿಮೆ ಮಾಡಿ, ಚಿಕ್ಕ ಬತ್ತಿ ಹೊಸೆದು, ಒಲೆಯ ಹತ್ತಿರ ಬೇಗ ಒಣಗಿಸಿ ಹಚ್ಚಿ ನೋಡುವುದು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೈಯೆಲ್ಲ ಅಂಟು, ಮೂಗಿನ ತುದಿಯಲ್ಲೂ ಧೂಪ.

ಸುರಗಿ ಪುಡಿ ಬೇರೆಯೇ ಪಾಠ ಕಲಿಸಿತು. ಬಟ್ಟಲಲ್ಲಿದ್ದಾಗ ಘಮಘಮ, ಬೆಂಕಿ ತಾಗಿದರೆ ಆ ಘಮ ಅರ್ಧವೂ ಇಲ್ಲ. ಕೆಂಡ ನೇರವಾಗಿ ಮುಟ್ಟಿದಾಗ ಹೂವಿನ ತೆಳು ಎಣ್ಣೆ ಉರಿದೇ ಹೋಗುತ್ತದೆ. ಅತ್ತೆ ಕೆಂಡದ ಮೇಲೆ ದಪ್ಪಗೆ ಬೂದಿ ಹರಡಿ, ಅದರ ಮೇಲೆ ಒಂದು ಚಿಟಿಕೆ ಉದುರಿಸಿದರು. ಹೊಗೆಯೇ ಇಲ್ಲ ಅನ್ನುವಷ್ಟು ಕಡಿಮೆ, ಆದರೆ ಜಗಲಿಯ ತುಂಬ ಸುರಗಿ! ಅಂಗಡಿಯ ಎಷ್ಟೋ ಊದುಬತ್ತಿಗಳು ಇದ್ದಿಲ ಪುಡಿ ಮೆತ್ತಿದ ಕಡ್ಡಿಯನ್ನು ಸೆಂಟಿನಲ್ಲಿ ಅದ್ದಿ ಮಾಡಿದವು. ಹಚ್ಚುವ ಮೊದಲೇ ಮೂಗಿಗೆ ಹೊಡೆಯುತ್ತವೆ. ನನಗಂತೂ ಈ ಮೆತ್ತಗಿನ ವಾಸನೆಯೇ ಇಷ್ಟ.

ಹೊಸೆದ ಬತ್ತಿಗಳನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಹರಡಲು ಹೊರಟೆ. ಅತ್ತೆ ತಡೆದು ನೆರಳಿಗೆ ಇಡಿಸಿದರು. ಬಿಸಿಲಿಗೆ ಹೊರಮೈ ಬೇಗ ಒಣಗಿ ಬಿರಿಯುತ್ತದಂತೆ. ಮಳೆಗಾಲದಲ್ಲಿ ಈ ಕೆಲಸವೇ ಬೇಡ, ಶಿರಸಿಯ ಮಳೆಗೆ ಬತ್ತಿಗೂ ಬೂಸ್ಟು ಬರುತ್ತದೆ.

ಹೊರಡುವ ದಿನ ನನ್ನ ಬತ್ತಿಯೊಂದನ್ನು ದೇವರ ಮುಂದೆ ಹಚ್ಚಿದರು. ನಡುವೆ ಒಮ್ಮೆ ಆರಿತು, ಮತ್ತೆ ಹಚ್ಚಿದರು. "ಅಡ್ಡಿಲ್ಲೆ" ಅಂದರು. ಮುಂದಿನ ಸಲ ಲಾವಂಚದ ಬೇರು ಹಾಕೋಣವೇ ಎಂದು ಕೇಳಿದೆ. "ಅದನ್ನ ಕುಡಿಯೋ ನೀರಿಗೆ ಹಾಕು. ರಂಜೆ ಹೂ ತಗೊಂಡು ಬಾ" ಎಂದು ಕೈಗೆ ಖಾಲಿ ಡಬ್ಬ ಕೊಟ್ಟರು.