ನಾಳಿನ ಕೀಬೋರ್ಡ್, ನಮ್ಮೂರಿನ ಧೂಳು

ಅರೇಂಜರ್ ಕೀಬೋರ್ಡಿನ ದನಿ, ಸ್ಟೈಲು (ತಾನೇ ನುಡಿಯುವ ತಾಳ-ಪಕ್ಕವಾದ್ಯ) ಎಲ್ಲ ಮುಂದೆ ಮೊಬೈಲಿಗೇ ಹೋಗಬಹುದು. ಬೆರಳಿಗೆ ಸಿಗುವ ಕೀಗಳು ಮಾತ್ರ ಉಳಿಯಲೇಬೇಕು, ಕಲಬುರಗಿಯ ಧೂಳಿಗೆ ಸೋಲುವುದೂ ಅವೇ. ಪ್ರತಿ ಕೀ ಕೆಳಗಿನ ರಬ್ಬರಿನಲ್ಲಿ ಎರಡು ಕಾರ್ಬನ್ ಚುಕ್ಕೆ. ಅವು ಒಂದರ ಹಿಂದೊಂದು ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ತಾಗುವ ಸಮಯದ ಅಂತರದಿಂದಲೇ ಒತ್ತಿನ ಬಲದ ಲೆಕ್ಕ. ಮೊದಲನೆಯದಕ್ಕೆ ಧೂಳು ಕೂತರೆ ಅದು ತಡವಾಗಿ ತಾಗುತ್ತದೆ, ಅಂತರ ಕಡಿಮೆಯಾಗಿ ಮೆಲ್ಲಗೆ ಒತ್ತಿದರೂ ಸ್ವರ ಕಿರುಚುತ್ತದೆ. ಪ್ಲಗ್ ತೆಗೆದು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಹಚ್ಚಿದ ಹತ್ತಿಯಿಂದ ಬೋರ್ಡ್ ಒರೆಸಿ. ಕಾರ್ಬನ್ ಮಾತ್ರ ಉಜ್ಜಬೇಡಿ.

ವಾದ್ಯಗಳು ಒಂದಕ್ಕೊಂದು ಸಂಕೇತ ಕಳಿಸುವ ಮಾನದಂಡ ಮಿಡಿ (MIDI). 1983ರ ಮಿಡಿಯಲ್ಲಿ ಒತ್ತಿನ ಬಲಕ್ಕೆ 127 ಹಂತ. 2020ರ ಮಿಡಿ 2.0ರಲ್ಲಿ 65,000ಕ್ಕೂ ಹೆಚ್ಚು! ಕೆಳಗೆ ಅದೇ ರಬ್ಬರಿದ್ದರೆ ಏನು ಬಂತು? ಮುಟ್ಟದೆ ಅಳೆಯುವ ಸೆನ್ಸರ್ 61 ಕೀಗಳ ಅಗ್ಗದ ಮಾದರಿಗೂ ಬರಲಿ. ಭಜನೆಗೆ ಎಂಟು ಮಾತ್ರೆಯ ಕೆಹರ್ವಾ ತಾಳದ ಸ್ಟೈಲು ಎಡಗೈ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗುಚ್ಛ) ಕೇಳದೆ, ಸಾ-ಪಾ ಶ್ರುತಿ ಹಿಡಿದೇ ನಡೆಯಲಿ.